ಹೆಬ್ಬೆಟ್ಟಿನ ಚರಿತ್ರೆ: ಮಾರಿಕುಪ್ಪಂ ಗಣಿಯಿಂದ ಪೊಲೀಸ್ ವೆರಿಫಿಕೇಷನ್‌ವರೆಗೆ

"ನೀವು ಯಾವ ಜನ?"

ಕೋಲಾರ ಸೀಮೆಯಲ್ಲಿ ಹೊಸ ಊರಿಗೆ ಹೋದವನಿಗೆ ಮೊದಲು ಬೀಳೋ ಪ್ರಶ್ನೆ ಇದು. ನೀರು ಕೊಡೋಕೆ ಮುಂಚೆ, ಜಗಲಿ ಮೇಲೆ ಕೂತ್ಕೋ ಅನ್ನೋಕೆ ಮುಂಚೆ, ಮನೆ ಬಾಡಿಗೆ ಎಷ್ಟು ಅಂತ ಹೇಳೋಕೆ ಮುಂಚೆ ಈ ಪ್ರಶ್ನೆ ಬರುತ್ತೆ. ಉತ್ತರ ಸರಿಹೋದರೆ ಚೊಂಬು ಕೈಗೆ ಬರುತ್ತೆ. ಸರಿಹೋಗದಿದ್ದರೆ ನೀರು ಮೇಲಿಂದ ಬೊಗಸೆಗೆ ಬೀಳುತ್ತೆ, ಇಲ್ಲಾಂದ್ರೆ ಅದೂ ಇಲ್ಲ.

ಇವತ್ತು ಬೆಂಗಳೂರಿನ ಕಂಪನಿಗಳು ಇದನ್ನೇ ಬ್ಯಾಕ್‌ಗ್ರೌಂಡ್ ಚೆಕ್ ಅಂತವೆ. ಠಾಣೆಯಲ್ಲಿ ಇದರ ಹೆಸರು ವೆರಿಫಿಕೇಷನ್. ಸರ್ಕಾರದ ಕಡತದಲ್ಲಿ ಪೂರ್ವಾಪರ ಪರಿಶೀಲನೆ. ಇದೇನೋ ಕಂಪ್ಯೂಟರ್ ಜೊತೆ ಅಮೆರಿಕದಿಂದ ಇಳಿದು ಬಂದ ಹೊಸ ವಸ್ತು ಅಂತ ಓದಿದವರು ತಿಳಿದಿದ್ದಾರೆ. ಅಲ್ಲ. ಈ ದೇಶದಲ್ಲಿ ಮನುಷ್ಯನ ಪೂರ್ವಾಪರ ನೋಡಿ ಅವನಿಗೆ ಕೆಲಸ, ನೀರು, ದಾರಿ, ಸ್ಮಶಾನ ಎಲ್ಲವನ್ನೂ ಹಂಚಿದ ವ್ಯವಸ್ಥೆಗೆ ಸಾವಿರಾರು ವರ್ಷ. ಅದಕ್ಕೆ ಅರ್ಜಿ ಫಾರಂ ಬೇಕಿರಲಿಲ್ಲ. ಹುಟ್ಟೇ ಫಾರಂ ಆಗಿತ್ತು. ಬ್ರಿಟಿಷರು ಮಾಡಿದ್ದು ಇಷ್ಟೇ: ಅದಕ್ಕೊಂದು ರಿಜಿಸ್ಟರು ಕೊಟ್ಟರು, ಶಾಯಿ ಕೊಟ್ಟರು, ಕಾಯ್ದೆಯ ನಂಬರು ಕೊಟ್ಟರು.

ಆ ಶಾಯಿ ನಮ್ಮ ಜನರ ಬೆರಳಿಗೆ ಹೇಗೆ ಹತ್ತಿತು, ಅದನ್ನು ಒರೆಸಿಹಾಕಲು ನಮ್ಮ ಜನ ಏನು ಮಾಡಿದರು ಅನ್ನೋದನ್ನ ಮಾರಿಕುಪ್ಪಂ ಕಡೆಯಿಂದ ನೋಡಬೇಕು.

1

ಮೊದಲು ಊರಿನ ಲೆಕ್ಕ. ಹಳೇ ಮೈಸೂರಿನ ಹಳ್ಳಿಯಲ್ಲಿ ಪಟೇಲ ಇದ್ದ, ಶಾನುಭೋಗ ಇದ್ದ, ಅವರ ಕೆಳಗೆ ತೋಟಿ, ತಳವಾರ ಇದ್ದರು. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯ್ದೆ ಈ ವಂಶಪಾರಂಪರ್ಯವನ್ನು ಬರಹಕ್ಕಿಳಿಸಿತು. ಊರಿಗೆ ಹೊಸಬ ಬಂದ ಅಂದರೆ ಪಟೇಲನಿಗೆ ಸುದ್ದಿ ಮುಟ್ಟಿಸೋನು ತೋಟಿ. ಕಳ್ಳತನ ಆದರೆ ಹೆಜ್ಜೆ ಹಿಡಿದು ಹೋಗೋನು ತಳವಾರ. ಅಂದರೆ ಊರಿನ ಕಾವಲು ನಮ್ಮದು, ಊರು ನಮ್ಮದಲ್ಲ. ಯಾರ ಮನೆ ಹೊಸ್ತಿಲು ದಾಟುವ ಹಾಗಿಲ್ಲವೋ ಆ ಮನೆಯನ್ನು ರಾತ್ರಿಯೆಲ್ಲ ಕಾಯಬೇಕು. ಕಳುವಾದರೆ ಮೊದಲ ಅನುಮಾನವೂ ಅವನ ಮೇಲೇ.

ಈ ವ್ಯವಸ್ಥೆಯನ್ನು ಮೈಸೂರು ರಾಜ್ಯ ರದ್ದು ಮಾಡಿದ್ದು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದ ಮೇಲೆ. ಕಾವಲುಗಾರನೇ ಕಳ್ಳ ಅನ್ನೋ ಊರಿನ ಈ ಅನುಮಾನ ಹಳ್ಳಿ ಬಿಟ್ಟು ಹೋದವನ ಬೆನ್ನಿಗೂ ಅಂಟಿಕೊಂಡು ಬಂತು. ಗಣಿಗೂ ಬಂತು.

2

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಅದಕ್ಕೆ ಮುಂಚೆ ಮೈಕೆಲ್ ಲವೆಲ್ ಅನ್ನೋ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆಸಿ ನೋಡಿದ್ದ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಹೀಗೆ ಗಣಿ ಮೇಲೆ ಗಣಿ ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ಕರೆಂಟು ತಂದರು. ನಡುವೆ ಬಿದ್ದ ಹಳ್ಳಿಗಳಲ್ಲಿ ಎಣ್ಣೆ ದೀಪ. ತಂತಿ ಮಾತ್ರ ತಲೆ ಮೇಲೆ ಹಾದುಹೋಯಿತು.

ಆಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಹೊಲೆಯರು, ಪರೆಯರು. ಆಮೇಲೆ ಆದಿದ್ರಾವಿಡ ಅಂತ ಹೆಸರು ಹೇಳಿಕೊಂಡವರು. ಬರಗಾಲ, ಸಾಲ, ಜಮೀನುದಾರನ ಚಾಟಿ ಇವುಗಳಿಂದ ತಪ್ಪಿಸಿಕೊಂಡು ಬಂದವರು. ಅವರಿಗೆ ಗಣಿ ನರಕವೂ ಹೌದು, ಬಿಡುಗಡೆಯೂ ಹೌದು. ಇಲ್ಲಿ ಕೂಲಿ ರೊಕ್ಕದಲ್ಲಿ ಸಿಗ್ತಿತ್ತು. ಧಣಿಯ ಮಗ ಎದುರು ಬಂದ ಅಂತ ಚಪ್ಪಲಿ ಬಿಚ್ಚಬೇಕಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಚಿನ್ನದ ಗಣಿಯ ಚರಿತ್ರೆ ಅರ್ಥವಾಗಲ್ಲ.

ಆದರೆ ಚಿನ್ನ ಬೇರೆ ಲೋಹದಂತಲ್ಲ. ಕಲ್ಲಿದ್ದಲನ್ನು ಬಾಯೊಳಗೆ ಅಡಗಿಸಿ ಯಾರೂ ತರಲ್ಲ. ಚಿನ್ನದ ಒಂದು ಚೂರು ಉಗುರಿನ ಸಂದಿಯಲ್ಲೂ ಬರಬಹುದು ಅಂತ ಕಂಪನಿಗೆ ಹೆದರಿಕೆ. ಆದ್ದರಿಂದ ಶಾಫ್ಟಿನಿಂದ ಮೇಲೆ ಬಂದವನನ್ನು ತಡವಿ ನೋಡೋದು, ಲೈನುಗಳನ್ನು ಜಾಲಾಡೋದು, ಪಂಜಾಬಿನಿಂದ ಕರೆಸಿದ ಜನರನ್ನು ಕಾವಲಿಗೆ ಹಾಕೋದು ನಡೀತು. ಕಂಪನಿಯ ಕಾವಲು ಸಾಲದೆ ಮೈಸೂರು ಸರ್ಕಾರ ಕಾಯ್ದೆಯನ್ನೂ ಕೊಟ್ಟಿತು. 1906ರ ಮೈಸೂರು ಗಣಿ ಕಾಯ್ದೆಯ ಕಾಲದಿಂದ ಗಣಿ ಸೀಮೆಯಲ್ಲಿ ಚಿನ್ನದ ಅದಿರು ಒಬ್ಬನ ಹತ್ತಿರ ಸಿಕ್ಕಿದರೆ ಅದು ಕದ್ದದ್ದಲ್ಲ ಅಂತ ಅವನೇ ಲೆಕ್ಕ ಒಪ್ಪಿಸಬೇಕಾಯಿತು. ಬೇರೆ ಕಡೆ ಕದ್ದಿದ್ದಾನೆ ಅಂತ ಸರ್ಕಾರ ತೋರಿಸಬೇಕು. ಇಲ್ಲಿ ಕದ್ದಿಲ್ಲ ಅಂತ ಕೂಲಿ ತೋರಿಸಬೇಕು.

ನ್ಯಾಯದ ತಕ್ಕಡಿ ಎಲ್ಲಿ ತಿರುಗಿಬಿತ್ತು ಅನ್ನೋದನ್ನ ಗಮನಿಸಿ, ಗೆಳೆಯರೇ. ನೆಲ ಮೈಸೂರಿನದು. ಅಗೆದವನು ಹೊಲೆಯ. ಲಾಭಾಂಶ ಹೋಗಿದ್ದು ಲಂಡನ್ನಿನ ಷೇರುದಾರರಿಗೆ. ಮಹಾರಾಜರ ಬೊಕ್ಕಸಕ್ಕೆ ರಾಯಲ್ಟಿ. ಇಷ್ಟರಲ್ಲಿ ಕಳ್ಳ ಅನ್ನಿಸಿಕೊಂಡವನು ಅಗೆದವನು ಒಬ್ಬನೇ.

3

ಬೆರಳಿಗೂ ಒಂದು ಚರಿತ್ರೆ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಕಂಪನಿ ಅಧಿಕಾರಿ, ರಸ್ತೆಗೆ ಜಲ್ಲಿ ಕೊಡುವ ರಾಜ್ಯಧರ ಕೋನಾಯ್ ಅನ್ನೋ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರಿನ ಮೇಲೆ ಒತ್ತಿಸಿಕೊಂಡ. ಆಮೇಲೆ ಇವನು ಮಾತು ತಪ್ಪಬಾರದಲ್ಲ, ಅದಕ್ಕೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಬಂತು. ಬೆರಳಿನ ಗೆರೆಗಳನ್ನು ವಿಂಗಡಿಸೋ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು. ಹೆಸರು ಬಂದಿದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಗೆ. ಬೆರಳಿನ ಶಾಸ್ತ್ರದಲ್ಲೂ ದುಡಿದವನೊಬ್ಬ, ಹೆಸರು ಪಡೆದವನೊಬ್ಬ.

ಇದನ್ನು ಯಾರ ಮೇಲೆ ಬಳಸಿದರು? 1871ರಲ್ಲೇ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದಿತ್ತು. ಇಡೀ ಇಡೀ ಕುಲಗಳನ್ನು ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿತ್ತು. 1911ರಲ್ಲಿ ಅದನ್ನು ತಿದ್ದಿ ಮದರಾಸಿಗೂ ಹರಡಿದರು, ಪಟ್ಟಿಯಲ್ಲಿದ್ದವನ ಬೆರಳಚ್ಚು ತೆಗೆಯೋ ಅಧಿಕಾರ ಪೊಲೀಸರಿಗೆ ಕೊಟ್ಟರು. ಕೊರಮ, ಕೊರಚ, ಗಂಟಿಚೋರ ಅಂತ ಕರೆಸಿಕೊಂಡ ಜನ ಹುಬ್ಬಳ್ಳಿ, ಗದಗ, ವಿಜಾಪುರದ ಸೆಟ್ಲಮೆಂಟುಗಳಲ್ಲಿ ಮುಳ್ಳುತಂತಿಯ ಒಳಗೆ ಹಾಜರಿ ಹಾಕಬೇಕಾಯಿತು. ಕೂಸು ಹುಟ್ಟಿದ ದಿನವೇ ಅದರ ಪೂರ್ವಾಪರ ಬರೆದಿಟ್ಟಾಗಿತ್ತು. ಮನುಸ್ಮೃತಿಗೆ ಇಂಗ್ಲಿಷ್ ಬೈಂಡಿಂಗು ಹಾಕಿದರೆ ಅದೇ ಈ ಕಾಯ್ದೆ.

ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಕೂಡ ಚಿನ್ನದ ಸೀಮೆಯೇ. 1906ರಲ್ಲಿ ಅಲ್ಲಿನ ಸರ್ಕಾರ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಹೊರಟಾಗ ಆ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಗಾಂಧಿ ಮತ್ತು ಸಾವಿರಾರು ಭಾರತೀಯರು ಒಪ್ಪಲ್ಲ ಅಂತ ಆಣೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಬೆರಳಿನ ಜಗಳದಲ್ಲಿ. ಅದೇ ಊರಿನ ಕರಿಯ ಗಣಿ ಕೂಲಿಗಳು ಅದಕ್ಕೂ ಮೊದಲಿನಿಂದ ಪಾಸು ಹಿಡಿದೇ ತಿರುಗಬೇಕಿತ್ತು. ಅವರಿಗಾಗಿ ಆವತ್ತು ಯಾರೂ ಆಣೆ ಮಾಡಲಿಲ್ಲ ಅನ್ನೋದನ್ನೂ ನೆನಪಿಡಬೇಕು.

4

ಕಂಪನಿ ನಮ್ಮ ಪೂರ್ವಾಪರ ಬರೆಯೋ ಹೊತ್ತಿಗೆ ಮಾರಿಕುಪ್ಪಂನಲ್ಲಿ ನಮ್ಮ ಜನವೂ ತಮ್ಮ ಪೂರ್ವಾಪರ ಬರೆಯೋಕೆ ಕೂತಿದ್ದರು. ಇದು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ.

ಮದರಾಸಿನ ಪಂಡಿತ ಅಯೋತಿದಾಸರು 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದರು. ಅದೇ ಮುಂದೆ 'ತಮಿಳನ್' ಆಯಿತು. ನಾವು ಪರೆಯರಲ್ಲ, ಹುಟ್ಟು ಅಸ್ಪೃಶ್ಯರಲ್ಲ, ಒಂದು ಕಾಲದ ಬೌದ್ಧರು, ನಮ್ಮನ್ನು ಸೋಲಿಸಿದವರು ನಮಗೆ ಈ ಹೆಸರಿಟ್ಟರು ಅನ್ನೋದು ಅವರ ವಾದ. ಆ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಎದ್ದಿತು. ಚಾಂಪಿಯನ್ ರೀಫ್ಸಿನಲ್ಲೂ ಎದ್ದಿತು. ಹಗಲು ಕಲ್ಲು ಕೊರೆದು ಬಂದ ಜನ ಸಂಜೆ ಕೂತು ಪತ್ರಿಕೆ ಓದಿಸಿ ಕೇಳಿದರು, ಮದುವೆ ಸಾವಿಗೆ ಪುರೋಹಿತನನ್ನು ಬಿಟ್ಟರು. ಅಯೋತಿದಾಸರು 1914ರಲ್ಲಿ ತೀರಿಕೊಂಡರು. ನಿಂತುಹೋದ ಪತ್ರಿಕೆಯನ್ನು 1926ರಲ್ಲಿ ಮತ್ತೆ ಹೊರಡಿಸಿದ್ದು ಮದರಾಸಿನಿಂದ ಅಲ್ಲ, ಇದೇ ಚಿನ್ನದ ಗಣಿಯಿಂದ, ಜಿ. ಅಪ್ಪಾದುರೈಯವರ ಕೈಯಲ್ಲಿ.

ಚರಿತ್ರೆಕಾರರು ಇದನ್ನು ಧರ್ಮದ ವಿಚಾರ ಅಂತ ಬೇರೆ ಕಪಾಟಿಗೆ ಹಾಕ್ತಾರೆ. ನನಗೆ ಹಾಗೆ ಕಾಣಲ್ಲ. ಜನಗಣತಿಯ ಫಾರಂನಲ್ಲಿ ಏನು ಬರೆಸಬೇಕು ಅಂತ ಅಯೋತಿದಾಸರು ತಮ್ಮ ಬದುಕಿಡೀ ಬಡಿದಾಡಿದರು. ನಾನು ಯಾರು ಅಂತ ಹೇಳೋನು ನಾನು, ನೀನಲ್ಲ. ಇದು ಪೂರ್ವಾಪರದ ಜಗಳವಲ್ಲದೆ ಇನ್ನೇನು?

5

ಈಗ 1930.

ಒಂದು ಗಣಿಯಲ್ಲಿ ಮೇಸ್ತ್ರಿ ಜೊತೆ ಜಗಳವಾದರೆ ಕೂಲಿ ಏನು ಮಾಡ್ತಿದ್ದ? ಬಿಟ್ಟು ಪಕ್ಕದ ಗಣಿಗೆ ಹೋಗ್ತಿದ್ದ. ಮೈಸೂರು ಗಣಿ ಬಿಟ್ಟು ಚಾಂಪಿಯನ್ ರೀಫ್, ಅದನ್ನು ಬಿಟ್ಟು ಊರಿಗಾಂ. ಬೇಕಾದರೆ ಹೆಸರನ್ನೂ ಬದಲಾಯಿಸ್ತಿದ್ದ. ಮುನಿಸ್ವಾಮಿ ಅಲ್ಲಿ, ಇಲ್ಲಿ ಪೆರುಮಾಳ್. ಯೂನಿಯನ್ ಇಲ್ಲದ ಕಾಲದಲ್ಲಿ ಅವನ ಕೈಲಿದ್ದ ಆಯುಧ ಇದೊಂದೇ, ಕಾಲು. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂದಿತ್ತು. ಮೈಸೂರು ಸಂಸ್ಥಾನಕ್ಕೆ ಅದು ಅನ್ವಯವಾಗಲಿಲ್ಲ. 'ಮಾದರಿ ಮೈಸೂರು' ಅಂತ ಕೊಂಡಾಡಿಸಿಕೊಂಡ ರಾಜ್ಯದಲ್ಲಿ ಸಂಘ ಕಟ್ಟೋ ಹಕ್ಕು ಕಾಯ್ದೆಯಲ್ಲಿ ಬಂದಿದ್ದು 1941-42ರಲ್ಲಿ.

ಕಂಪನಿ ಈ ಕಾಲನ್ನೇ ಕಟ್ಟಿಹಾಕೋಕೆ ಹೊರಟಿತು. ಎಲ್ಲ ಗಣಿಗಳಿಗೂ ಸೇರಿ ಒಂದೇ ನೋಂದಣಿ ಕಚೇರಿ. ಕೂಲಿಗಳೆಲ್ಲ ಬಂದು ಬೆರಳಚ್ಚು ಕೊಡಬೇಕು. ಹಳೇ ಅಪರಾಧಿಗಳನ್ನು, ಚಿನ್ನ ಕದ್ದು ಶಿಕ್ಷೆಯಾದವರನ್ನು ಬೇರ್ಪಡಿಸೋಕೆ ಅನ್ನೋದು ಕಂಪನಿ ಕೊಟ್ಟ ಕಾರಣ. ಕೂಲಿಗೆ ಕಂಡ ಅರ್ಥ ಬೇರೆ. ಒಂದು ಗಣಿಯಲ್ಲಿ ಹೊರಗೆ ಹಾಕಿದರೆ ಇನ್ನು ಯಾವ ಗಣಿಯಲ್ಲೂ ಕೆಲಸವಿಲ್ಲ. ಹೆಸರು ಬದಲಾಯಿಸಬಹುದು, ಬೆರಳು ಬದಲಾಯಿಸೋಕಾಗಲ್ಲ. ಅದರ ಮೇಲೆ ಬೆರಳಚ್ಚು ಅಂದರೆ ಠಾಣೆ, ಜೈಲು, ಕಳ್ಳ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಊರಲ್ಲಿ ಹುಟ್ಟಿನಿಂದ ಅಪರಾಧಿ ಮಾಡಿದ್ದರು, ಇಲ್ಲಿ ಕೆಲಸ ಕೇಳಿದ್ದಕ್ಕೆ ಅಪರಾಧಿ ಮಾಡ್ತಾರೆ.

ಏಪ್ರಿಲಿನಲ್ಲಿ ಕೆಲಸ ನಿಂತಿತು. ಗಣಿಯಿಂದ ಗಣಿಗೆ ಹಬ್ಬಿತು. ಸಾವಿರಾರು ಜನ ಕೆಳಗಿಳಿಯಲ್ಲ ಅಂದರು. ಸುಮಾರು ಮೂರು ವಾರ ನಡೀತು. ಅದೇ ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧಿ ಉಪ್ಪು ಹಿಡಿದೆತ್ತಿದ್ದರು. ದೇಶದ ಪತ್ರಿಕೆಗಳ ಕಣ್ಣೆಲ್ಲ ಆ ಸಮುದ್ರದ ಕಡೆ. ಇಲ್ಲಿ ಸೈನೈಡ್ ಗುಡ್ಡದ ಕೆಳಗೆ ಹೊಲೆಯರು, ಪರೆಯರು ತಮ್ಮ ಬೆರಳು ತಮ್ಮದು ಅಂತ ಹೇಳ್ತಿದ್ದರು. ಉಪ್ಪಿನ ಕಥೆ ಪ್ರತಿ ಶಾಲೆಯಲ್ಲೂ ಇದೆ. ಬೆರಳಿನ ಕಥೆ ಕೋಲಾರ ಜಿಲ್ಲೆಯ ಶಾಲೆಯಲ್ಲೂ ಇಲ್ಲ.

ಯೂನಿಯನ್ ಇಲ್ಲ, ಕಚೇರಿ ಇಲ್ಲ, ರಸೀತಿ ಪುಸ್ತಕ ಇಲ್ಲ. ಆದರೂ ಮೂರು ವಾರ ಒಲೆ ಹೇಗೆ ಉರಿಯಿತು? ಲೈನುಗಳಲ್ಲಿ ಒಂದೇ ಗೋಡೆಗೆ ಎರಡು ಮನೆ, ಒಂದೇ ನಲ್ಲಿಗೆ ನಲವತ್ತು ಕೊಡ. ಒಬ್ಬರ ಮನೆ ಗಂಜಿ ಇನ್ನೊಬ್ಬರಿಗೆ ಗೊತ್ತಿರುತ್ತೆ. ಕಂಪನಿ ಖರ್ಚು ಉಳಿಸೋಕೆ ಕಟ್ಟಿದ ಇಕ್ಕಟ್ಟು ಮನೆಗಳೇ ಕಂಪನಿಗೆ ಮುಳುವಾದವು. ಇಪ್ಪತ್ತು ವರ್ಷದಿಂದ ಬೌದ್ಧ ಸಂಘಗಳು, ರಾತ್ರಿ ಶಾಲೆಗಳು, ಭಜನೆ ಗುಂಪುಗಳು ಕಟ್ಟಿದ ನಂಟೂ ಇತ್ತು. ಮುಷ್ಕರ ಅನ್ನೋದು ಒಂದು ಬೆಳಿಗ್ಗೆ ಆಕಾಶದಿಂದ ಬೀಳಲ್ಲ.

ಕಂಪನಿಯ ರಿಜಿಸ್ಟರು ಒಂದು ದಿನದಲ್ಲಿ ಹುಟ್ಟಿದ್ದಲ್ಲ, ಒಂದು ಮುಷ್ಕರಕ್ಕೆ ಸಾಯೋದೂ ಅಲ್ಲ. ಆದರೆ 1930ರಲ್ಲಿ ಒಂದು ವಿಷಯ ಬಯಲಾಯಿತು. ಕೂಲಿ ಹೆಚ್ಚಿಸಿ ಅನ್ನೋಕೆ ಮುಂಚೆ, ರಜಾ ಕೊಡಿ ಅನ್ನೋಕೆ ಮುಂಚೆ, ನಮ್ಮ ಜನ ಇಷ್ಟು ದೊಡ್ಡದಾಗಿ ಎದ್ದು ನಿಂತಿದ್ದು ಮರ್ಯಾದೆಗಾಗಿ. ಹೊಟ್ಟೆಗಿಲ್ಲದವನಿಗೆ ಮಾನದ ಚಿಂತೆ ಯಾಕೆ ಅನ್ನೋ ಪಂಡಿತರಿಗೆ ಮಾರಿಕುಪ್ಪಂ ಕೊಟ್ಟ ಉತ್ತರ ಅದು.

6

ಬೆರಳು ನೋಡಿದವರು ಎದೆ ನೋಡಲಿಲ್ಲ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಮನುಷ್ಯನನ್ನು ಒಳಗೇ ಕಲ್ಲು ಮಾಡೋ ಸಿಲಿಕೋಸಿಸ್ ಈ ದೇಶದಲ್ಲಿ ಮೊದಲು ವರದಿಯಾಗಿದ್ದು ಇದೇ ಗಣಿಯಲ್ಲಿ, 1934ರಲ್ಲಿ. 1940ರ ದಶಕದಲ್ಲಿ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ 3,402 ಜನರಿಗೆ ಆ ರೋಗ ಇತ್ತು. ನೂರಕ್ಕೆ 43ಕ್ಕಿಂತ ಹೆಚ್ಚು. ಬೆರಳಿನ ಗೆರೆ ಎಣಿಸೋಕೆ ಕಚೇರಿ ಬಂದಿದ್ದು 1930ರಲ್ಲಿ. ಕೆಮ್ಮಿನ ಲೆಕ್ಕ ಹಿಡಿಯೋ ಹೊತ್ತಿಗೆ ಅರ್ಧ ಶತಮಾನದ ಕಾರ್ಮಿಕರು ಮಣ್ಣು ಸೇರಿದ್ದರು. ಕಂಪನಿಗೆ ಬೇಕಾಗಿದ್ದ ಪೂರ್ವಾಪರ ಯಾವುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

1930 ಕಲಿಸಿದ್ದು ಮರೆತುಹೋಗಲಿಲ್ಲ. ಸಂಘಗಳು ಬಂದವು. ಕೆಂಬಾವುಟವೂ ಬಂತು, ಅಂಬೇಡ್ಕರರ ನೀಲಿ ಬಾವುಟವೂ ಬಂತು. ಎರಡರ ನಡುವೆ ಜಗಳವೂ ಇತ್ತು, ಎರಡನ್ನೂ ಹಿಡಿದ ಮನೆಗಳೂ ಇದ್ದವು. 1946ರಲ್ಲಿ 78 ದಿನದ ದೊಡ್ಡ ಮುಷ್ಕರ ನಡೀತು. ಆ ವರ್ಷ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಸತ್ತರು. ಅವರನ್ನು ಈಗಲೂ ಪ್ರತಿ ನವೆಂಬರಿನಲ್ಲಿ ನೆನೀತಾರೆ. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಸುಮಾರು 800 ಟನ್ ಚಿನ್ನ ಹೋಗಿತ್ತು. ಮೂರು ಕಿಲೋಮೀಟರಿಗೂ ಆಳದ ತೂತು ಉಳಿದಿತ್ತು. ತೂತಿನ ಸುತ್ತ ನಮ್ಮ ಜನ ಉಳಿದಿದ್ದರು.

7

ಸ್ವತಂತ್ರ ಭಾರತ ಈ ರಿಜಿಸ್ಟರನ್ನು ಸುಟ್ಟಿತೇ? ಮೇಲಿನ ರಟ್ಟು ಬದಲಾಯಿಸಿತು.

ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. 1961ರಲ್ಲಿ ಮೈಸೂರು ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ತಂದಿತು. ಕುಲದ ಹೆಸರು ಹೋಯಿತು. ಆದರೆ ಪೊಲೀಸಿನ ಕಣ್ಣು ಯಾವ ಗುಡಿಸಲ ಕಡೆ ತಿರುಗಬೇಕು ಅಂತ ಅಭ್ಯಾಸವಾಗಿತ್ತು. ಅದೇ ಅಭ್ಯಾಸ ಜೈಲಿನ ರಿಜಿಸ್ಟರುಗಳಲ್ಲಿ ಎಷ್ಟು ಕಾಲ ಉಳಿದಿತ್ತು ಅಂದರೆ, 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲು ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ ಅಂತ ಹೇಳಬೇಕಾಯಿತು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷಕ್ಕೆ.

ಸರ್ಕಾರಿ ಕೆಲಸದ ವಿಚಾರಕ್ಕೆ ಬನ್ನಿ. ನಮ್ಮ ರಾಜ್ಯದ 1977ರ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರೋನ ನಡತೆ ಒಳ್ಳೆಯದಿರಬೇಕು. ಒಪ್ಪೋಣ. ನಡತೆ ಅಳೆಯೋರು ಯಾರು? ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ತುಂಬಿದ ಅರ್ಜಿಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ವಯಸ್ಸಿನ ಕಾಲಮ್ಮೂ ಅಲ್ಲ, ಅಂಕದ ಕಾಲಮ್ಮೂ ಅಲ್ಲ. 'ನಿಮ್ಮನ್ನು ಬಲ್ಲ ಇಬ್ಬರು ಗಣ್ಯ ವ್ಯಕ್ತಿಗಳ ಹೆಸರು' ಅನ್ನೋ ಕಾಲಂ. ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು ನಮ್ಮಜ್ಜಿ. ಅವಳು ಗಣ್ಯಳಲ್ಲ. ನನ್ನ ಮುಖವನ್ನೇ ಸರಿಯಾಗಿ ನೋಡದೆ ಸೀಲು ಒತ್ತಿದ ಅಧಿಕಾರಿ ಗಣ್ಯ. ಮೇಲ್ಜಾತಿ ಹುಡುಗನಿಗೆ ಆ ಇಬ್ಬರು ಅವನ ಮದುವೆ ಮನೆಗಳಲ್ಲೇ ಸಿಗ್ತಾರೆ. ಕೇರಿಯ ಹುಡುಗ ಅವರ ಬಾಗಿಲು ಕಾಯಬೇಕು.

ದಲಿತನಿಗೆ ಇನ್ನೊಂದು ಪರಿಶೀಲನೆ ಹೆಚ್ಚಿಗೆ ಇದೆ. ಮೀಸಲಾತಿಯಲ್ಲಿ ಕೆಲಸ ಸಿಕ್ಕರೆ 1990ರ ರಾಜ್ಯ ಕಾಯ್ದೆ ಮತ್ತು 1992ರ ನಿಯಮಗಳ ಪ್ರಕಾರ ಜಾತಿಯ ಸಿಂಧುತ್ವ ಪ್ರಮಾಣಪತ್ರ ತರಬೇಕು. ಇದು ಬೇಡ ಅಂತ ನಾನು ಹೇಳಲ್ಲ. ಸುಳ್ಳು ಜಾತಿ ಸರ್ಟಿಫಿಕೇಟು ಹಿಡಿದು ನಮ್ಮ ಪಾಲಿನ ಕುರ್ಚಿ ಏರಿ ಕೂತವರನ್ನು ಕೆಳಗಿಳಿಸೋಕೆ ಅದು ಬೇಕು. ಆದರೆ ಕೇರಿಯಲ್ಲಿ ಹುಟ್ಟಿ, ಕೇರಿಯ ನೀರು ಕುಡಿದು, ಹೋಟೆಲಿನ ಬೇರೆ ಲೋಟ ಕಂಡವನು ತಾನು ದಲಿತ ಅಂತ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ರುಜುವಾತು ಮಾಡಬೇಕು. ನೀರು ಕೊಡದವನು ಒಂದು ಕ್ಷಣದಲ್ಲಿ ಪತ್ತೆ ಮಾಡಿದ ಜಾತಿಯನ್ನು ಸರ್ಕಾರ ಪತ್ತೆ ಮಾಡೋಕೆ ತಿಂಗಳುಗಟ್ಟಲೆ ಬೇಕು.

8

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಹೋರಾಟಗಾರರು ಗಮನ ಕೊಡಬೇಕಾದ ಮಾತು. ಪೂರ್ವಾಪರ ಅಂದರೆ ಯಾವುದರ ಪೂರ್ವಾಪರ? ಕಳ್ಳತನದ್ದೋ, ವಿಚಾರದ್ದೋ?

ಮಧ್ಯಪ್ರದೇಶದಲ್ಲಿ ಒಬ್ಬ ಪುರಸಭೆ ಶಾಲೆಯ ಮೇಷ್ಟ್ರು. ಶಾಲೆಯನ್ನು ಸರ್ಕಾರ ವಹಿಸಿಕೊಂಡ ಮೇಲೆ ಪೊಲೀಸರ ಗುಟ್ಟಿನ ವರದಿ ಬಂತು, ಇವನು ಆರೆಸ್ಸೆಸ್, ಜನಸಂಘದಲ್ಲಿ ಇದ್ದವನು ಅಂತ. 1974ರಲ್ಲಿ ತೆಗೆದುಹಾಕಿದರು. 1983ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅದನ್ನು ಒಪ್ಪಲಿಲ್ಲ. ಸರ್ಕಾರಿ ಕೆಲಸಕ್ಕೆ ಬರೋನ ಹಿಂದಿನ ರಾಜಕೀಯ ಕೆದಕೋದು ಸಂವಿಧಾನಕ್ಕೆ ಹೊಂದಲ್ಲ ಅಂದರು. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರೂ ಇವರೇ. ಆ ಮೇಷ್ಟರ ರಾಜಕೀಯ ನಮ್ಮದಲ್ಲ, ಅದರ ವಿರುದ್ಧವೇ ನಾವು ನಿಂತಿರೋದು. ಆದರೆ ಆ ತೀರ್ಪು ನಮ್ಮದು. ಯಾಕಂದ್ರೆ ಗುಟ್ಟಿನ ವರದಿ ಬರೆಯೋ ಪೆನ್ನು ನೂರರಲ್ಲಿ ತೊಂಬತ್ತು ಸಲ ತಿರುಗೋದು ನಮ್ಮ ಕಡೆಗೇ.

2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇನ್ನೊಂದು ಮಾತು ಹೇಳಿದರು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಚಾರವನ್ನು ಅರ್ಜಿಯಲ್ಲಿ ಬರೆಯದಿದ್ದರೆ ಅದನ್ನು ಕ್ಷಮಿಸಬಹುದು. ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ಧಿಕ್ಕಾರ ಕೂಗಿ ಕೇಸು ಹಾಕಿಸಿಕೊಂಡ ಹುಡುಗರು ಇದನ್ನು ತಿಳಿದಿರಬೇಕು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಕಡೆಯೂ ಇದೆ. ಇರೋದನ್ನ ಇದ್ದ ಹಾಗೇ ಬರೆದರೂ, ಕೇಸು ಮುಗಿದುಹೋಗಿದ್ದರೂ, ಪೂರ್ವಾಪರ ನೋಡಿ ತೀರ್ಮಾನ ಮಾಡೋ ಅಧಿಕಾರ ಕೆಲಸ ಕೊಡೋನ ಹತ್ತಿರವೇ ಉಳೀತು. ಬಾಗಿಲು ತೆರೆದಿದ್ದಾರೆ, ಚಿಲಕ ಅವರ ಕಡೆಯೇ ಇದೆ.

ನಮ್ಮ ಜಿಲ್ಲೆಯ ಇನ್ನೊಂದು ಲೆಕ್ಕ ನೋಡಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ, ಆಗ ಅದು ಕೋಲಾರ ಜಿಲ್ಲೆ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಕೋರ್ಟಿನ ಮಾತು ಕೋರ್ಟಿನದು. ಆದರೆ ಏಳು ಹೆಣ ಬಿದ್ದಿದ್ದು ನಿಜ, ಆ ಬೆಂಕಿ ಇಟ್ಟ ಕೈ ಯಾವುದು ಅಂತ ಇವತ್ತಿನವರೆಗೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಯಾರದ್ದೋ ಪೂರ್ವಾಪರ ಕಾಗದದ ಮೇಲೆ ಅಪ್ಪಟ ಬಿಳುಪು. ಅದನ್ನು ಖಂಡಿಸಿ ರಸ್ತೆಗಿಳಿದವರ ಮೇಲೆ ಕೇಸು ಬಿದ್ದರೆ ಅದು ಮಾತ್ರ ಕಂಪ್ಯೂಟರಿನಲ್ಲಿ ಒಂದೇ ಒತ್ತಿಗೆ ಸಿಗುತ್ತೆ.

9

ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ನಮ್ಮ ಜನರ ಹೊಸ ಶಾಫ್ಟು. ಮೊದಲು ಕೆಳಗಿಳಿದು ದುಡೀತಿದ್ದರು, ಈಗ ಅಡ್ಡಕ್ಕೆ ಹೋಗಿ ದುಡೀತಾರೆ. ಕತ್ತಲಲ್ಲಿ ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ, ಕತ್ತಲಲ್ಲಿ ವಾಪಸ್ಸು. ಗಾರ್ಮೆಂಟ್ಸು, ಹೌಸ್‌ಕೀಪಿಂಗು, ಸೆಕ್ಯೂರಿಟಿ. ಅಲ್ಲೂ ಮೊದಲ ಕಾಗದ ಪೊಲೀಸ್ ವೆರಿಫಿಕೇಷನ್. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಠಾಣೆಯಿಂದ ಬರೋವರೆಗೆ ಕಾಯಬೇಕು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ನಡತೆ, ಪೂರ್ವಾಪರ ಖಾತ್ರಿಯಾಗದೆ ಯಾರನ್ನೂ ಗಾರ್ಡ್ ಮಾಡುವ ಹಾಗಿಲ್ಲ. ಕೋರ್ಟಿನಲ್ಲಿ ಶಿಕ್ಷೆಯಾದವನಿಗಂತೂ ಬಾಗಿಲೇ ಇಲ್ಲ. ಅಂದರೆ ತಳವಾರನ ಮೊಮ್ಮಗ ಮತ್ತೆ ಬೇರೆಯವರ ಬಾಗಿಲು ಕಾಯ್ತಾನೆ. ಕಾಯೋಕೆ ಮುಂಚೆ ತಾನು ಕಳ್ಳನಲ್ಲ ಅಂತ ಕಾಗದ ತರ್ತಾನೆ. ಅವನು ಕಾಯೋ ಕಟ್ಟಡದೊಳಗೆ ಬ್ಯಾಂಕಿಗೆ ಕೋಟಿಗಟ್ಟಲೆ ಟೋಪಿ ಹಾಕಿದವನು ಕೂತಿದ್ದರೂ ಅವನಿಗೆ ಸೆಲ್ಯೂಟು ಹೊಡೀಬೇಕು.

2022ರಲ್ಲಿ ಸಂಸತ್ತು ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಮಾಡಿತು. 1920ರ ಹಳೇ ಕಾಯ್ದೆಯ ಜಾಗಕ್ಕೆ ಬಂದ ಇದರಲ್ಲಿ ಬೆರಳಿನ ಜೊತೆ ಕಣ್ಣಿನ ಪಾಪೆಯನ್ನೂ ಅಚ್ಚು ತೆಗೆದು 75 ವರ್ಷ ಇಟ್ಟುಕೊಳ್ಳಬಹುದು. ಒಬ್ಬ ಮನುಷ್ಯನ ಆಯಸ್ಸಿಗಿಂತ ಅವನ ಬೆರಳಿನ ಆಯಸ್ಸು ಜಾಸ್ತಿ. ರೇಷನ್ ಅಂಗಡಿಯಲ್ಲೂ ಬೆರಳು. ಕಲ್ಲು ಒಡೆದು, ಪಾತ್ರೆ ಉಜ್ಜಿ ಸವೆದ ಬೆರಳಿಗೆ ಮಿಷನ್ನು ಇವನು ನೀನಲ್ಲ ಅನ್ನುತ್ತೆ. ದುಡಿಮೆಯೇ ಗುರುತು ಅಳಿಸಿದೆ, ಗುರುತಿಲ್ಲ ಅಂತ ಅಕ್ಕಿ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಪ್ರಕರಣ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರಿಗೆ ಗೌರವ. ಆದರೆ ನನ್ನ ಬೆರಳು ನನ್ನದು ಅನ್ನೋ ಮಾತು ಕೋರ್ಟಿಗೆ ಹೋಗೋಕೆ 80 ವರ್ಷ ಮುಂಚೆ ಮಾರಿಕುಪ್ಪಂನ ಲೈನುಗಳಲ್ಲಿ ಹುಟ್ಟಿತ್ತು ಅನ್ನೋದನ್ನೂ ಬರೀಬೇಕಲ್ಲ.

10

ಹಾಗಾದ್ರೆ ಪರಿಶೀಲನೆಯೇ ಬೇಡವಾ? ಬೇಕು. 2014ರಲ್ಲಿ ಬೆಂಗಳೂರಿನ ಶಾಲೆಯೊಳಗೇ ಹಸುಗೂಸಿನ ಮೇಲೆ ಅತ್ಯಾಚಾರ ನಡೆದ ಮೇಲೆ ಶಾಲೆ ಸಿಬ್ಬಂದಿಯ ಪೂರ್ವಾಪರ ನೋಡಿ ಅಂತ ಪೊಲೀಸರು ಹೇಳಿದ್ದು ಸರಿಯಾಗಿತ್ತು. ಮಕ್ಕಳ ಹತ್ತಿರ ಹೋಗೋನು ಯಾರು ಅಂತ ತಾಯಂದಿರು ಕೇಳಲೇಬೇಕು. ನಮ್ಮ ಜಗಳ ಪ್ರಶ್ನೆಯ ಜೊತೆಗಲ್ಲ. ಪ್ರಶ್ನೆ ಯಾವಾಗಲೂ ಮೇಲಿಂದ ಕೆಳಕ್ಕೇ ಬೀಳುತ್ತಲ್ಲ, ಅದರ ಜೊತೆಗೆ. ಗಾರ್ಡಿಗೆ ವೆರಿಫಿಕೇಷನ್, ಮಾಲೀಕನಿಗಿಲ್ಲ. ಆಯಾಗೆ ವೆರಿಫಿಕೇಷನ್, ಆಡಳಿತ ಮಂಡಳಿಗಿಲ್ಲ. ಕೂಲಿಗಾರ ಯಾವ ಊರು ಅಂತ ಕೇಳ್ತಾರೆ. ಮೇಸ್ತ್ರಿ ಹಿಂದಿನ ಸೈಟಿನಲ್ಲಿ ಎಷ್ಟು ಜನರ ಕೂಲಿ ಮುಳುಗಿಸಿದ ಅಂತ ಕೇಳೋ ಕಾಯ್ದೆ ಯಾವುದು?

ಆದ್ದರಿಂದ ನಾವು ಕೇಳಬೇಕಾದ್ದು ಸ್ಪಷ್ಟವಾಗಿರಲಿ. ನನ್ನ ಬಗ್ಗೆ ಬರೆದ ವರದಿ ನನಗೆ ತೋರಿಸಬೇಕು. ತಪ್ಪಿದ್ದರೆ ತಿದ್ದಿಸೋ ಹಕ್ಕು ಬೇಕು. ಧರಣಿ, ಘೋಷಣೆ, ಸಂಘಟನೆ ಯಾರ ನಡತೆಗೂ ಕಪ್ಪು ಚುಕ್ಕೆ ಆಗಬಾರದು. ಬಿಡುಗಡೆಯಾದವನು ಬಿಡುಗಡೆಯಾದವನೇ ಅನ್ನೋ ಮಾತು ಎಲ್ಲರಿಗೂ ಒಂದೇ ಇರಬೇಕು. ನಡತೆ ಹೇಳೋಕೆ ಗಣ್ಯರೇ ಬೇಕು ಅನ್ನೋದು ಹೋಗಬೇಕು. ಕೇರಿಯ ಅಂಗನವಾಡಿ ಅಕ್ಕನಿಗೆ ಗೊತ್ತಿರೋಷ್ಟು ನಮ್ಮ ನಡತೆ ಯಾವ ಗೆಜೆಟೆಡ್ ಆಫೀಸರಿಗೆ ಗೊತ್ತು?

ಹಳ್ಳಿಯ ಮೇಷ್ಟರಲ್ಲಿ ಒಂದು ಮನವಿ. ಏಪ್ರಿಲಿನಲ್ಲಿ ಉಪ್ಪಿನ ಪಾಠ ಹೇಳುವಾಗ ಬೆರಳಿನ ಪಾಠವನ್ನೂ ಹೇಳಿ. ವಿದ್ಯಾರ್ಥಿ ಗೆಳೆಯರೇ, ಲೈನುಗಳಲ್ಲಿ ಇನ್ನೂ ಮುದುಕರಿದ್ದಾರೆ. ಅವರಪ್ಪಂದಿರು 1930 ಕಂಡವರು. ಅವರ ಮಾತು ಬರೆದುಕೊಳ್ಳಿ, ಕೆಮ್ಮು ನಿಲ್ಲೋವರೆಗೆ ಕಾದು ಬರೆದುಕೊಳ್ಳಿ. ಕಂಪನಿ ತನ್ನ ರಿಜಿಸ್ಟರು ಬರೆದಿಟ್ಟು ಹೋಗಿದೆ, ಪೊಲೀಸು ತನ್ನದನ್ನ ದಿನಾ ಬರೀತಿದೆ. ನಮ್ಮದು ಮಾತ್ರ ಬಾಯಲ್ಲೇ ಉಳಿದಿದೆ. ನಮ್ಮ ಪೂರ್ವಾಪರವನ್ನು ನಾವು ಬರೆಯದೆ ಹೋದರೆ ಅವರು ಬರೆದಿದ್ದೇ ನಮ್ಮ ಪೂರ್ವಾಪರ ಆಗುತ್ತೆ.

ಅಕ್ಷರ ಬರದವನ ಕೈಯಿಂದ ಅವರು ಹೆಬ್ಬೆಟ್ಟು ಒತ್ತಿಸಿಕೊಂಡರು. ಈಗ ಅದೇ ಕೈಗೆ ಅಕ್ಷರ ಬಂದಿದೆ.